ಸೋಮವಾರ ಹೂಡಿದ ಕೋಣಗಳು

ಕಳೆದ ಬೇಸಿಗೆಯಲ್ಲಿ ಸಿಂದಗಿಯ ಹಳೇ ಬಜಾರದಲ್ಲಿ ಮಲ್ಲಪ್ಪ ಸಾಹುಕಾರರ ಕಾಳುಕಡಿ ವ್ಯಾಪಾರದ ಅಡತಿ ಅಂಗಡಿಯನ್ನು ಕೆಡವುತ್ತಿದ್ದರು. ಅವರ ಮೊಮ್ಮಕ್ಕಳು ಜಾಗ ಮಾರಿದ್ದಾರೆ, ಕೊಂಡವರು ಅಲ್ಲಿ ಮಳಿಗೆ ಕಟ್ಟುತ್ತಾರಂತೆ. ಗುಳಿಗೆ ತರಲು ಹೋಗಿದ್ದ ನಾನು ನೆರಳು ಕಂಡಲ್ಲಿ ನಿಂತು ನೋಡುತ್ತಿದ್ದೆ. ಹಿಂದಿನ ಅಂಗಳದಲ್ಲಿ ಜೆಸಿಬಿ ಒಂದು ಹಾಸುಗಲ್ಲನ್ನು ಎತ್ತಿ ಪಕ್ಕಕ್ಕೆ ಹಾಕಿತು. ಕೆಳಗೊಂದು ಕಪ್ಪು ಬಾಯಿ ತೆರೆಯಿತು. ಒಳಗಿಂದ ಬಂದ ವಾಸನೆಗೆ ಗಾಡಿಯವನು ಮೂಗಿಗೆ ಟವೆಲ್ಲು ಹಿಡಿದುಕೊಂಡು ಇಳಿದು ಬಂದ. ಒಳಗೆ ಏನಾದರೂ ಸತ್ತಿದೆಯೇ ಎಂದು ಕೇಳಿದ. ಸತ್ತದ್ದೇನೂ ಇಲ್ಲಪ್ಪ, ಇದು ಹಗೇವು ಎಂದು ಹೇಳಿದೆ. ಅವನಿಗೆ ಆ ಶಬ್ದ ಗೊತ್ತಿರಲಿಲ್ಲ. ನೆಲದೊಳಗೆ ತೋಡಿದ ಜೋಳದ ಕಣಜ, ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ಸುತ್ತ ಒಣದಂಟಿನ ಕಣಕಿ ಹಾಸಿ ಜೋಳ ತುಂಬಿ ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮೇಲೆ ನಡೆದಾಡುವವನಿಗೂ ಗೊತ್ತಾಗುವುದಿಲ್ಲ ಎಂದು ವಿವರಿಸಿದೆ. ಅವನು ತಲೆಯಾಡಿಸಿ ಮಣ್ಣು ಎಳೆದು ಅದನ್ನು ಮುಚ್ಚಿಬಿಟ್ಟ.

ವಾಸನೆ ಮಾತ್ರ ಬಹಳ ಹೊತ್ತು ನಿಂತಿತ್ತು. ಬಿಸಿಬಿಸಿ, ಹುಳಿಹುಳಿ, ಮುಚ್ಚಿಟ್ಟ ಕಾಳು ಉಸಿರಾಡಿದ ವಾಸನೆ. ಅದನ್ನು ಮೂಗಿಗೆ ತಂದುಕೊಂಡು ಮನೆಗೆ ಬಂದೆ. ಬರುವಷ್ಟರಲ್ಲಿ ಗುಳಿಗೆ ತರುವುದು ಮರೆತೇಹೋಗಿತ್ತು. ನನ್ನ ಹೆಂಡತಿ ಬಾಗಿಲಲ್ಲೇ ಬೈದಳು.

ಆ ಅಂಗಡಿಯಲ್ಲಿ ನಾನು ದಿವಾಣಜಿಯಾಗಿದ್ದೆ, ಅಂದರೆ ಲೆಕ್ಕ ಬರೆಯುವವನು. ನನ್ನ ಹೆಸರು ರಾಜೇಸಾಬ. ಆ ಹೆಸರಿನಿಂದ ನನ್ನನ್ನು ಕರೆದವರು ತಾಂಬಾದಲ್ಲಿದ್ದ ನನ್ನ ತಾಯಿ ಮಾತ್ರ. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ, ಅಕ್ಷರ ದುಂಡಗಿತ್ತು, ಮಾತು ಕಡಿಮೆ. ಲೆಕ್ಕ ಬರೆಯುವವನಿಗೆ ಇವು ಸಾಕು. ನಾಚಿಕೆ ನನಗೆ ಹುಟ್ಟಿನಿಂದ ಬಂದದ್ದು. ಗಿರಾಕಿಯ ಮುಖ ನೋಡಿ ಮಾತಾಡಲು ಆಗುತ್ತಿರಲಿಲ್ಲ, ಕಾಲು ನೋಡಿಕೊಂಡೇ ಮಾತಾಡುತ್ತಿದ್ದೆ. ಹಾಗಾಗಿ ಸಿಂದಗಿಯ ಜನ ನನಗೆ ಮುಖಕ್ಕಿಂತ ಕಾಲಿನಿಂದ ಹೆಚ್ಚು ಪರಿಚಿತರು. ಯಾರ ಮೆಟ್ಟು ಎಲ್ಲಿ ಸವೆದಿದೆ, ಯಾರ ಹಿಮ್ಮಡಿ ಎಷ್ಟು ಒಡೆದಿದೆ ಎಂಬುದನ್ನು ಈಗಲೂ ಹೇಳಬಲ್ಲೆ. ಅವರಲ್ಲಿ ಹೆಚ್ಚಿನವರು ಈಗಿಲ್ಲ.

ನಾನು ಹೇಳುತ್ತಿರುವುದು ಅರವತ್ತರ ದಶಕದ ನಡುವಿನ ಒಂದು ಜೋಳದ ಸುಗ್ಗಿಯ ಮಾತು. ಹಿಂದಿನ ಮಳೆಗಳು ಕೈಕೊಟ್ಟಿದ್ದವು. ರೇಷನ್ ಅಂಗಡಿಯಲ್ಲಿ ಹಡಗಿನಲ್ಲಿ ಬಂದ ಕೆಂಪು ಜೋಳ ಕೊಡುತ್ತಿದ್ದರು. ಅದರ ಹಿಟ್ಟಿಗೆ ಜಿಗಿ ಇಲ್ಲ, ರೊಟ್ಟಿ ತಟ್ಟಿದರೆ ಅಂಚಿನಿಂದಲೇ ಹರಿದು ಹೋಗುತ್ತಿತ್ತು. ಜೋಳವನ್ನೇ ಉಂಡು ಬೆಳೆದ ಸೀಮೆಯ ಹೆಂಗಸರು ಅದನ್ನು ಪಡೆಯಲು ಬೆಳಗಿನಿಂದ ಸಾಲು ನಿಲ್ಲುತ್ತಿದ್ದರು. ರಾಜ್ಯದ ಜೋಳ ಗಡಿ ದಾಟಬಾರದು ಎಂದು ಸರಕಾರದ ಹುಕುಂ ಇತ್ತು. ಭೀಮಾ ಹೊಳೆ ದಾಟಿ ಸ್ವಲ್ಪ ಮುಂದೆ ಹೋದರೆ ಮಹಾರಾಷ್ಟ್ರ, ಅಲ್ಲಿ ನಮ್ಮ ಬಿಳಿಜೋಳಕ್ಕೆ ಕೇಳಿದಷ್ಟು ಬೆಲೆ. ಮಲ್ಲಪ್ಪ ಸಾಹುಕಾರರ ಹಗೇವುಗಳು ತುಂಬಿದ್ದವು. ಒಂದೆರಡು ಅಂಗಡಿಯ ಹಿಂದೆ, ಉಳಿದವು ದೇವಣಗಾಂವದ ಹತ್ತಿರ ಹೊಳೆದಂಡೆಯ ಅವರ ಹೊಲದಲ್ಲಿ. ಬೇಸಿಗೆಗೆ ಹೊಳೆ ತೆಳುವಾದರೆ ಗಾಡಿ ಹಾಯುತ್ತದೆ. ಮುಂದಿನದನ್ನು ಹೇಳಬೇಕಾಗಿಲ್ಲ.

ಸಾಹುಕಾರರು ಕೆಟ್ಟ ಮನುಷ್ಯ ಎಂದು ಹೇಳಿದರೆ ನನ್ನ ಬಾಯಿ ನನ್ನನ್ನೇ ಕಚ್ಚೀತು. ದಿನಾ ವಿಭೂತಿ ಹಚ್ಚಿ ಪೂಜೆ ಮಾಡುತ್ತಿದ್ದರು, ನನ್ನ ತಾಯಿಗೆ ಜ್ವರ ಬಂದರೆ ತಾವೇ ಡಾಕ್ಟರನ್ನು ಕರೆಸುತ್ತಿದ್ದರು. ಜೋಳ ನಮ್ಮದು, ನಮ್ಮದನ್ನು ನಾವು ಮಾರಿದರೆ ಸರಕಾರಕ್ಕೇನು ಎಂಬುದು ಅವರ ವಾದ. ಆದರೆ ಅವರ ಗಾಡಿಗಳ ಮುಕಾದಮ ಭೀಮಶಿಗೆ ವಾದ ಬರುತ್ತಿರಲಿಲ್ಲ, ಕಬ್ಬಿಣದ ಕಟ್ಟು ಹಾಕಿದ ಬಡಿಗೆ ಇತ್ತು. ಹಿಂದಿನ ವರ್ಷ ಗಾಡಿಗಳ ಸುದ್ದಿಯನ್ನು ಅಮಲ್ದಾರರ ಕಚೇರಿಗೆ ಮುಟ್ಟಿಸಿದ ಒಬ್ಬ ಕುರಿಗಾರ ಎರಡೂ ಮೊಣಕಾಲು ಮುರಿದು ಬದುವಿನಲ್ಲಿ ಬಿದ್ದಿದ್ದ. ಯಾರು ಹೊಡೆದರು ಎಂದು ಅವನೂ ಹೇಳಲಿಲ್ಲ, ಊರೂ ಕೇಳಲಿಲ್ಲ.

ಎಳ್ಳ ಅಮಾವಾಸ್ಯೆ ಮುಗಿದ ಮೇಲೆ ಖಾಸೀಂಬಿ ಬಂದಳು. ಕೌದಿ ಹೊಲಿಯುವವಳು. ಮುದ್ದೇಬಿಹಾಳದ ಕಡೆಯವಳು, ಗಂಡ ತೀರಿಕೊಂಡಿದ್ದಾನೆ, ಊರೂರು ತಿರುಗಿ ಹೊಲಿಯುತ್ತಾಳೆ ಎಂದು ಹೇಳಿಕೊಂಡಳು. ಕೌದಿ ಹೊಲಿಯುವುದು ಒಂದು ದಿನದ ಕೆಲಸವಲ್ಲ. ಮನೆಯ ಹಳೇ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಒಂದರ ಮೇಲೊಂದು ಹಾಸಿ ಅಂಚಿನಿಂದ ಒಳಕ್ಕೆ ಸಾಲುಸಾಲು ಹೊಲಿಗೆ ಹಾಕುತ್ತ ಬರಬೇಕು. ವಾರಗಟ್ಟಲೆ ಅಂಗಳದಲ್ಲಿ ಕೂತವಳ ಮುಂದೆ ಮನೆಯ ಹೆಂಗಸರು ಏನೆಲ್ಲ ಮಾತಾಡುತ್ತಾರೆ, ಯಾರು ಬಂದರು, ಯಾರು ಹೋದರು, ಎಲ್ಲವೂ ಅವಳ ಕಿವಿಗೆ ಬೀಳುತ್ತದೆ. ಸಾಹುಕಾರರ ತಾಯಿ ಗಂಗವ್ವನವರಿಗೆ, ಎಲ್ಲರೂ ಆಯಿ ಅನ್ನುತ್ತಿದ್ದ ಆ ಮುದುಕಿಗೆ, ಕೌದಿ ಬೇಕಾಗಿತ್ತು. ಅಂಗಡಿಗೂ ಮನೆಗೂ ನಡುವೆ ಆ ಅಂಗಳ. ನೀರು ಕುಡಿಯಲು ನಾನು ಅಲ್ಲಿಂದಲೇ ಹೋಗಬೇಕು.

ನಾನು ಮೊದಲು ನೋಡಿದ್ದು ಅವಳ ಕಾಲನ್ನು. ಊರೂರು ಬರಿಗಾಲಲ್ಲಿ ತಿರುಗುವವಳ ಹಿಮ್ಮಡಿ ಒಡೆದಿರಲಿಲ್ಲ. ಎರೆಮಣ್ಣಿನ ಸೀಮೆಯಲ್ಲಿ ಅದು ಆಗದ ಮಾತು. ಆಮೇಲೆ ಗಮನಿಸಿದ್ದು, ಅವಳು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ನಮ್ಮ ಕಡೆಯ ಹೆಂಗಸು ಕೂತ ಗಳಿಗೆಯಲ್ಲೇ ನಿನಗೆ ಪಗಾರ ಎಷ್ಟು, ಲಗ್ನ ಯಾಕೆ ಆಗಿಲ್ಲ, ತಾಯಿಗೆ ಯಾವ ಜಡ್ಡು ಎಂದೆಲ್ಲ ಕೇಳಿ ಮುಗಿಸುತ್ತಾಳೆ. ಇವಳು ಸುಮ್ಮನೆ ಸೂಜಿ ಓಡಿಸುತ್ತಿದ್ದಳು, ಉಳಿದವರು ತಾವಾಗಿಯೇ ಹೇಳುತ್ತಿದ್ದರು. ನಾನೂ ಕೇಳದವನೇ. ಬಹುಶಃ ಅದಕ್ಕೇ ನನಗೆ ಅವಳು ಹಿಡಿಸಿದಳು. ಹಿಡಿಸಿದಳು ಎಂಬುದು ಸಣ್ಣ ಮಾತು. ಆ ಸುಗ್ಗಿಯಲ್ಲಿ ನಾನು ಕುಡಿದಷ್ಟು ನೀರನ್ನು ಬಿರುಬೇಸಿಗೆಯಲ್ಲೂ ಕುಡಿದವನಲ್ಲ.

ಒಂದು ದಿನ ಅಂಗಡಿಯ ಕೆಲಸಕ್ಕೆ ಇಂಡಿಯ ರೈಲು ಸ್ಟೇಶನ್ನಿಗೆ ಹೋಗಿದ್ದೆ. ಚಹಾದ ಅಂಗಡಿಯ ಪಕ್ಕದ ಬಾಕಿನ ಮೇಲೆ ಯಾರೋ ಇಬ್ಬರು ಕೂತಿದ್ದರು. ಒಂದು ಜೊತೆ ಬೂಟು, ಒಂದು ಜೊತೆ ಚಪ್ಪಲಿ. ಚಪ್ಪಲಿಯೊಳಗಿನ ಕಾಲು ನನಗೆ ಗೊತ್ತಿದ್ದದ್ದು. ತಲೆ ಎತ್ತಿದೆ. ಖಾಸೀಂಬಿ ಇಸ್ತ್ರಿ ಮಾಡಿದ ಸೀರೆ ಉಟ್ಟು, ಒಬ್ಬ ಗಂಡಸಿನ ಸರಿಸಮ ಕೂತು, ಬೆರಳು ಮಡಚಿ ಮಡಚಿ ಅವನಿಗೆ ಏನನ್ನೋ ಒಪ್ಪಿಸುತ್ತಿದ್ದಳು. ಆ ಮನುಷ್ಯನ ಬೂಟು ಪೊಲೀಸರದು. ಬೇರೆ ಬಟ್ಟೆ ಹಾಕಿಕೊಂಡರೂ ಬೂಟು ಬದಲಿಸುವುದನ್ನು ಅವರು ಮರೆಯುತ್ತಾರೆ. ಅವಳು ನನ್ನನ್ನು ನೋಡಿದಳು. ನಾನು ರೈಲು ಬಂದೇಬಿಟ್ಟಿತೆನ್ನುವವನಂತೆ ಅವಸರದಲ್ಲಿ ಹೊರಟುಹೋದೆ. ರೈಲು ಬರಲು ಇನ್ನೂ ಬಹಳ ಹೊತ್ತಿತ್ತು.

ಮರುದಿನ ಅಂಗಳದಲ್ಲಿ ಬೇರೆ ಯಾರೂ ಇಲ್ಲದಾಗ ಅವಳು ಸೂಜಿಯಿಂದ ಕಣ್ಣು ತೆಗೆಯದೆ ಕೇಳಿದಳು.

"ದಿವಾಣಜಿ, ನಿನ್ನಿ ಇಂಡಿ ಟೇಶನದಾಗ ಯಾರ್ನ ನೋಡಿದ್ರಿ?"

"ಯಾರ್ನೂ ನೋಡ್ಲಿಲ್ರಿ."

"ಹಂಗಾರ ಛಲೋ ಆತು," ಎಂದಳು.

ನನ್ನ ನೇಮಕಾತಿ ಆದದ್ದು ಹೀಗೆ. ಅವಳ ಗಂಡ ನಿಜವಾಗಿಯೂ ತೀರಿಕೊಂಡಿದ್ದ, ಅವನು ಪೊಲೀಸು ಖಾತೆಯಲ್ಲಿದ್ದ, ಅಂಗಳದಲ್ಲಿ ಕೂಡಲು ಗಂಡಸರಿಗೆ ಆಗುವುದಿಲ್ಲವೆಂದು ಖಾತೆಯವರು ಇವಳನ್ನು ಈ ಕೆಲಸಕ್ಕೆ ಹಚ್ಚಿದ್ದರು. ಇಷ್ಟನ್ನು ಮುಂದೆ ಅವಳೇ ಬಿಡಿಬಿಡಿಯಾಗಿ ಹೇಳಿದಳು. ಖಾಸೀಂಬಿ ಎಂಬುದು ಅವಳ ಹೆಸರಲ್ಲ ಎಂದೂ ಹೇಳಿದಳು. ನಿಜವಾದ ಹೆಸರು ಯಾವುದೆಂದು ನಾನು ಕೇಳಲಿಲ್ಲ.

ಅಡಚಣೆ ಇದ್ದದ್ದು ಇಷ್ಟೇ. ಅಧಿಕಾರಿಗಳು ಜೀಪಿನಲ್ಲಿ ಬಂದರೆ ಧೂಳು ಮೊದಲು ಕಾಣುತ್ತಿತ್ತು. ಗಾಡಿ ಹೊರಡುವ ದಿನ ಮೊದಲೇ ಗೊತ್ತಾಗಬೇಕು. ಅದು ನನಗೆ ಗೊತ್ತಾಗುತ್ತಿತ್ತು, ಯಾಕೆಂದರೆ ಹಿಂದಿನ ದಿನ ಖಾಲಿ ಗೋಣಿಚೀಲಗಳ ಪೆಂಡಿ ಕಟ್ಟಿ ದೇವಣಗಾಂವದ ಬಸ್ಸಿನ ಮೇಲೆ ಹಾಕಿಸುವವನು ನಾನೇ. ಒಮ್ಮೆ ಅವಳು ದಾರ ಪೋಣಿಸುತ್ತ, ಲೆಕ್ಕದ ಪುಸ್ತಕ ಸುತ್ತಿಡುವ ಬಸ್ತಾದ ಕೆಂಪು ಬಟ್ಟೆ ಕೌದಿಗೆ ಚೆನ್ನಾಗಿ ಒಪ್ಪುತ್ತದೆ, ಗಾಡಿ ಹೊರಡುವ ಹಿಂದಿನ ದಿನ ಒಂದು ತುಂಡು ಸಿಕ್ಕರೆ ಸಾಕು ಎಂದಳು. ಕೌದಿಯವಳ ಬುಟ್ಟಿಗೆ ಮನೆಯ ಎಲ್ಲರೂ ಚಿಂದಿ ಹಾಕುತ್ತಾರೆ. ನಾನೂ ಹಾಕಿದೆ. ಆ ತುಂಡು ಅವಳಿಂದ ಮುಂದೆ ಹೇಗೆ ಸುದ್ದಿಯಾಗಿ ಹೋಗುತ್ತಿತ್ತೋ ಅದು ಅವಳ ಕೆಲಸ. ಎರಡು ಸಲ ಗಾಡಿಗಳು ಹೊಳೆಯ ಹತ್ತಿರ ಸಿಕ್ಕವು. ಜೋಳ ಹೋಯಿತು, ಗಾಡಿಯವರನ್ನು ಠಾಣೆಯಲ್ಲಿ ಕೂಡಿಸಿಟ್ಟು ಬಿಟ್ಟರು. ಚೀಲಗಳು ಬೇರೆಯವರ ಹೆಸರಿನಲ್ಲಿದ್ದವು, ಸಾಹುಕಾರರ ಕೂದಲೂ ಕೊಂಕಲಿಲ್ಲ.

ಸಾಲಿನಲ್ಲಿ ನಿಂತ ಹೆಂಗಸರ ಸಲುವಾಗಿ ಇದನ್ನು ಮಾಡಿದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಅವರನ್ನು ನಾನು ದಿನಾ ನೋಡುತ್ತಿದ್ದೆ, ಮರುಕವೂ ಆಗುತ್ತಿತ್ತು, ಆದರೆ ಮರುಕದಿಂದ ನಾನು ಅದುವರೆಗೆ ಒಂದು ಕಡ್ಡಿಯನ್ನೂ ಎತ್ತಿಟ್ಟವನಲ್ಲ. ಮಾಡಿದ್ದು ಅವಳ ಸಲುವಾಗಿ. ಕೆಂಪು ಬಟ್ಟೆ ಬುಟ್ಟಿಗೆ ಬಿದ್ದಾಗ ಅವಳು ಒಮ್ಮೆ ತಲೆ ಎತ್ತುತ್ತಿದ್ದಳು. ಅಷ್ಟಕ್ಕೆ ನಾನು ಅಂಗಡಿಯ ಬಸ್ತಾಗಳನ್ನೆಲ್ಲ ಹರಿಯಲು ತಯಾರಿದ್ದೆ.

ಶಿವರಾತ್ರಿ ಕಳೆದು ಹೊಳೆ ಇನ್ನಷ್ಟು ಇಳಿಯಿತು. ಈ ಸಲ ಸಾಹುಕಾರರನ್ನೇ ಗಾಡಿಗಳ ಜೊತೆ ಹಿಡಿಯಬೇಕೆಂದು ಖಾತೆಯವರ ಹಟ. ಅದಕ್ಕೆ ಗಾಡಿ ಹಾಯುವ ಜಾಗವನ್ನು ಯಾರಾದರೂ ನೋಡಿ ಬರಬೇಕಿತ್ತು, ನೀರು ಎಷ್ಟಿದೆ, ಆಳು ಮರೆಯಾಗಿ ಕೂಡಲು ಎಲ್ಲಿ ಜಾಗವಿದೆ ಎಂದು. ತಾನೇ ಹೋಗುತ್ತೇನೆ, ಯಾವ ದಿನ ಹೋದರೆ ಭೀಮಶಿಯ ಮಂದಿ ಅಲ್ಲಿರುವುದಿಲ್ಲ ಎಂದು ಅವಳು ಕೇಳಿದಳು. ನಾನು ಅವಳೊಂದಿಗೆ ಒಂದೇ ಉಸಿರಿಗೆ ಆಡಿದ ಅತಿ ಉದ್ದದ ಮಾತು ಅವತ್ತಿನದೇ.

"ಸೋಮವಾರ ಹೋಗ್ರಿ. ಸೋಮವಾರ ಎತ್ತಿಗಿ ಯಾರೂ ನೊಗ ಹಚ್ಚೂದಿಲ್ರಿ. ಹೊಳಿತನಾ ಒಂದ ಗಾಡಿ ಕಾಣೂದಿಲ್ಲ, ಒಬ್ಬ ಮನಷ್ಯಾ ಸಿಗೂದಿಲ್ಲ."

ಅದು ಸುಳ್ಳೂ ಅಲ್ಲ. ಬಾಗೇವಾಡಿಯ ಬಸವಣ್ಣನ ಸೀಮೆ ನಮ್ಮದು. ಎತ್ತು ಎಂದರೆ ಬಸವಣ್ಣ, ಸೋಮವಾರ ಅವನ ದಿನ, ಅವತ್ತು ಉಳುವ ಗಳೆ ಇಲ್ಲ, ಗಾಡಿ ಇಲ್ಲ. ತಾಂಬಾದಲ್ಲಿ ನಮ್ಮ ತಂದೆಯೂ ಸೋಮವಾರ ಎತ್ತು ಹೂಡುತ್ತಿರಲಿಲ್ಲ. ಎತ್ತಿಗೆ ತಾನು ಯಾರ ಮನೆಯದು ಎಂದು ಗೊತ್ತಿಲ್ಲ, ವಾರ ಗೊತ್ತಿದೆ ಎನ್ನುತ್ತಿದ್ದರು. ಮಲ್ಲಪ್ಪ ಸಾಹುಕಾರರಂಥ ಭಕ್ತರು ಸೋಮವಾರ ಗಾಡಿ ಕಟ್ಟಿಸುವುದು ನನ್ನ ಕನಸಿನಲ್ಲೂ ಬರುವಂತಿರಲಿಲ್ಲ.

ಅವಳು ಭಾನುವಾರ ಮಧ್ಯಾಹ್ನ ಆಯಿಗೆ ಏನೋ ನೆವ ಹೇಳಿ ಹೊರಟಳು. ಅವತ್ತು ಸಂಜೆ ಸಾಹುಕಾರರು ನನ್ನನ್ನು ಕರೆದು, ನಾಳೆ ಬೆಳಗಿನ ಬಸ್ಸಿಗೆ ತಮ್ಮ ಜೊತೆ ದೇವಣಗಾಂವಕ್ಕೆ ಬರಬೇಕು, ಹೊಳೆಯಲ್ಲಿ ಚೀಲ ಎಣಿಸುವುದಿದೆ ಎಂದರು. ನಾಳೆ ಸೋಮವಾರವಲ್ಲವೇ ಎಂದೆ. ಎರಡು ಸಲ ಸಿಕ್ಕಿಬಿದ್ದ ಮೇಲೆ ಅವರು ಕೂತು ಯೋಚನೆ ಮಾಡಿದ್ದರು. ಕಾಯುವವರೂ ಈ ಸೀಮೆಯವರೇ, ಸೋಮವಾರ ಅವರೂ ಕಾಯುವುದಿಲ್ಲ. ಊರಾಚೆ ಕಲ್ಲು ಹೊರುವವರ ಹತ್ತಿರ ಕೋಣದ ಗಾಡಿಗಳಿದ್ದವು, ಬಾಡಿಗೆಗೆ ಹಿಡಿದಿದ್ದರು. ಖಾಲಿ ಚೀಲಗಳನ್ನೂ ನನ್ನ ಕೈಯಿಂದಲ್ಲದೆ ಬೇರೆ ದಾರಿಯಿಂದ ಕಳಿಸಿದ್ದರು.

"ಬಸವಣ್ಣಗ ನೊಗ ಹಚ್ಚಬಾರ್ದು ಅಂತ ಐತಿ. ಕೋಣಕ್ಕ ಹಚ್ಚಬಾರ್ದು ಅಂತ ಯಾರ ಹೇಳ್ಯಾರ?" ಎಂದರು. ಅವರ ಮುಖದಲ್ಲಿ ತೃಪ್ತಿ ಇತ್ತು. ಪಾಪವಿಲ್ಲದೆ ಕೆಲಸ ಆಗುವುದೆಂದರೆ ಅವರಿಗೆ ಬಹಳ ಸಂತೋಷ.

ಅವಳಿಗೆ ಸುದ್ದಿ ಮುಟ್ಟಿಸುವ ದಾರಿ ನನಗೆ ಇರಲಿಲ್ಲ. ಆ ರಾತ್ರಿಯ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಕುರಿಗಾರನ ಮೊಣಕಾಲು ನೆನಪಾಗುತ್ತಿತ್ತು ಅಷ್ಟೇ.

ಸೋಮವಾರ ಹೊಲದಿಂದ ಗಾಡಿಗಳು ಹೊರಟಾಗ ಬಿಸಿಲು ಏರಿತ್ತು. ಮೊದಲ ಗಾಡಿಯಲ್ಲಿ ಸಾಹುಕಾರರು ಛತ್ರಿ ಹಿಡಿದು ಕೂತಿದ್ದರು, ಉಪವಾಸವಿದ್ದರು. ಅವರ ಹಿಂದೆ ಚೀಲದ ಮೇಲೆ ನಾನು. ಭೀಮಶಿ ಪಕ್ಕದಲ್ಲಿ ನಡೆಯುತ್ತಿದ್ದ. ದಾರಿಯಲ್ಲಿ ನರಪಿಳ್ಳೆ ಇಲ್ಲ. ಕೊಯ್ದ ಜೋಳದ ಹೊಲಗಳಲ್ಲಿ ಸೂಡು ಬಿದ್ದಿದ್ದವು, ಕಣಗಳು ಖಾಲಿ. ಬೇವಿನ ಗಿಡಗಳ ಕೆಳಗೆ ಹಣೆಗೆ ವಿಭೂತಿ ಹಚ್ಚಿಸಿಕೊಂಡ ಎತ್ತುಗಳು ಮೇವು ಮೆಲ್ಲುತ್ತ, ನೊಗ ಹೊತ್ತ ಕೋಣಗಳನ್ನು ನೋಡುತ್ತಿದ್ದವು. ನಾನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು, ಎತ್ತಿನ ಗಾಡಿ ಒಂದೂ ಇರಲಿಲ್ಲ. ಕೋಣಕ್ಕೆ ಅವಸರ ಗೊತ್ತಿಲ್ಲ. ಕಾಲುವೆಯಲ್ಲಿ ಅಂಗೈಯಷ್ಟು ನೀರು ಕಂಡರೂ ಗಾಡಿ ಸಮೇತ ಅತ್ತ ತಿರುಗುತ್ತಿದ್ದವು. ಪ್ರತಿ ಸಲ ಅವು ನಿಂತಾಗ, ಇಷ್ಟರಲ್ಲಿ ಅವಳು ನೋಡಿಕೊಂಡು ಹೋಗಿರುತ್ತಾಳೆ ಎಂದು ಲೆಕ್ಕ ಹಾಕುತ್ತಿದ್ದೆ.

ಅವಳು ಹೋಗಿರಲಿಲ್ಲ. ಹೊಳೆಯ ಏರು ಇಳಿದು ಉಸುಕಿಗೆ ಬಂದಾಗ, ಗಾಡಿ ಹಾಯುವ ಜಾಗದ ನಟ್ಟನಡುವೆ, ಮೊಣಕಾಲುದ್ದ ನೀರಿನಲ್ಲಿ ಸೀರೆ ಎತ್ತಿ ಕಟ್ಟಿ, ಕೈಯಲ್ಲೊಂದು ಕೋಲು ಹಿಡಿದು ನಿಂತಿದ್ದಳು. ನಮ್ಮನ್ನು ಕಂಡಾಗ ಓಡಲಿಲ್ಲ. ಓಡಿದ್ದರೆ ಅಲ್ಲೇ ಮುಗಿಯುತ್ತಿತ್ತು.

ಭೀಮಶಿ ಅವಳನ್ನು ಗುರುತು ಹಿಡಿದು ದಂಡೆಗೆ ಕರೆದ. ಸಾಹುಕಾರರು ಛತ್ರಿ ಮಡಚಿ ಇಳಿದರು. ಇಲ್ಲಿಗೆ ಯಾಕೆ ಬಂದೆ ಎಂದು ಮೆತ್ತಗೇ ಕೇಳಿದರು. ಚಿಕ್ಕಮ್ಮ ಈ ಊರಲ್ಲಿದ್ದಾಳೆ, ನೋಡಲು ಬಂದೆ ಎಂದಳು. ಅವಳಿಗೆ ಗೊತ್ತಿರದಿದ್ದ ಸಂಗತಿ ಒಂದೇ, ಭೀಮಶಿಯ ಊರು ದೇವಣಗಾಂವ.

"ಯಾರ ಮನ್ಯಾಗ ಅದಾಳ? ಈ ಊರಾಗ ನಿಮ್ಮ ಮಂದಿ ಮನಿ ಎಲ್ಲಾ ನನಗ ಗೊತ್ತು. ಹೆಸ್ರ ಹೇಳ," ಎಂದ.

ಅವಳು ಒಂದು ಹೆಸರು ಹೇಳಿದಳು. ಅಂಥವಳು ಯಾರೂ ಇಲ್ಲ ಎಂದು ಅವನು ಸಾಹುಕಾರರ ಕಡೆ ತಿರುಗಿ ಹೇಳಿದ. ಅವಳ ಕೈಯ ಕೋಲಿನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿಯವರೆಗೆ ಒದ್ದೆ ಇತ್ತು. ಅವನು ಅದನ್ನೇ ನೋಡುತ್ತಿದ್ದ. ಬಡಿಗೆಯನ್ನು ಎಡಗೈಯಿಂದ ಬಲಗೈಗೆ ತೆಗೆದುಕೊಂಡ. ಅತ್ತ ಕೋಣಗಳು ಗಾಡಿ ಸಮೇತ ನೀರಿಗಿಳಿದು ಮಲಗುತ್ತಿದ್ದವು, ಯಾರೂ ತಿರುಗಿ ನೋಡಲಿಲ್ಲ.

ಆಗ ಯಾರೋ ಮಾತಾಡಿದರು. ಆ ದನಿ ನನ್ನದು ಎಂದು ತಿಳಿಯಲು ನನಗೂ ಸ್ವಲ್ಪ ಹೊತ್ತು ಬೇಕಾಯಿತು.

"ನಾನ ಬಾ ಅಂದಿದ್ನಿರಿ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಚೀಲದ ಮೇಲಿಂದ ಇಳಿದಿದ್ದೆ.

"ಇವತ್ತ ಇಲ್ಲಿಗಿ ಬರ್ತೇನಂತ ನಿನ್ನಿನ ಹೇಳಿದ್ನಿರಿ. ನನಗ ಈಕಿ ಬೇಕಾಗ್ಯಾಳ್ರಿ. ಬಂದ ದಿನದಿಂದ ಈಕಿನ್ನ ಬಿಟ್ಟ ತಲ್ಯಾಗ ಬ್ಯಾರೆ ಏನೂ ಇಲ್ರಿ. ಊರಾಗ ಮಾತಾಡಾಕ ಧೈರ್ಯ ಆಗ್ಲಿಲ್ರಿ, ಅದಕ್ಕ ಹೊಳಿಗಿ ಬಾ ಅಂದ್ನಿ."

ಹೇಳುವಾಗ ಅವಳ ಮುಖ ನೋಡಿದೆ. ಕಾಲು ನೋಡಲಿಲ್ಲ. ಅಷ್ಟು ಹೊತ್ತು ಅವಳ ಮುಖವನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಮೂಗಿನ ಪಕ್ಕದಲ್ಲಿ ಒಂದು ಸಣ್ಣ ಸಿಡುಬಿನ ಕಲೆ ಇತ್ತು. ಅವಳು ರೆಪ್ಪೆ ಮಿಟುಕಿಸದೆ ನನ್ನನ್ನು ನೋಡುತ್ತಿದ್ದಳು.

ಮೊದಲು ನಕ್ಕವರು ಸಾಹುಕಾರರು. ಆಮೇಲೆ ಗಾಡಿಯವರು, ಕೊನೆಗೆ ಭೀಮಶಿಯೂ. ಮಾತು ಬಲ್ಲವನು ಯಾರಾದರೂ ಇದನ್ನೇ ಹೇಳಿದ್ದರೆ ಅವರು ನಂಬುತ್ತಿರಲಿಲ್ಲ. ನನ್ನ ಕಿವಿ ಕೆಂಪಾಗಿದ್ದವು. ಅವೇ ಸಾಕ್ಷಿ ಹೇಳಿದವು. ನನಗೆ ಸುದ್ದಿ ತಿಳಿಯುವ ಮೊದಲೇ ಅವಳು ಸಿಂದಗಿ ಬಿಟ್ಟಿದ್ದಳೆಂಬುದು ಆಯಿಗೆ ಹೊರತು ಯಾರಿಗೂ ಗೊತ್ತಿರಲಿಲ್ಲ.

"ಮಾರಿ ಎತ್ತಿ ಮಾತಾಡದಾಂವ ಹೊಳಿತನಾ ಕರಿಸ್ಕೊಂಡ್ಯೋ ದಿವಾಣಜಿ," ಎಂದರು ಸಾಹುಕಾರರು. ತಮ್ಮ ಗುಟ್ಟನ್ನು ಹೆಂಗಸಿನ ಮುಂದೆ ಬಿಟ್ಟುಕೊಟ್ಟದ್ದಕ್ಕೆ ನಾಲ್ಕು ಮಾತು ಬೈದರು. ಬೈದು ಮುಗಿಸಿ ಮನೆಯ ಹಿರಿಯರಾದರು. ಇಬ್ಬರೂ ಒಂದೇ ಮಂದಿ, ಅವಳಿಗೂ ಗಂಡನಿಲ್ಲ, ಇವನಿಗೂ ವಯಸ್ಸಾಗುತ್ತಿದೆ, ಕದ್ದು ಭೇಟಿಯಾಗುವುದು ಯಾಕೆ ಎಂದರು. ಬರುವ ಶುಕ್ರವಾರ ನಿಕಾ ಮಾಡಿಸುತ್ತೇನೆ, ಊಟದ ಖರ್ಚು ನನ್ನದು ಎಂದು ಉಸುಕಿನ ಮೇಲೆ ನಿಂತೇ ನಿಶ್ಚಯ ಮಾಡಿದರು. ನೀನು ಏನನ್ನುತ್ತೀ ಎಂದು ಅವಳನ್ನು ಕೇಳಿದರು.

ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡಳು. "ಹಿರ್ಯಾರ ಹೇಳಿದಂಗ್ರಿ," ಎಂದಳು.

ಅದು ವೇಷದ ಮಾತು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಮಾತನ್ನು ಇಟ್ಟುಕೊಂಡಿದ್ದೇನೆ. ಕೋಣಗಳನ್ನು ನೀರಿನಿಂದ ಎಬ್ಬಿಸಿ ಗಾಡಿ ದಾಟಿಸುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ನಾನು ಚೀಲ ಎಣಿಸಿದೆ. ತಪ್ಪು ಎಣಿಸಿದೆ, ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಮಂಗಳವಾರ ಅಂಗಳದ ತುಂಬ ನಗೆ. ಆಯಿ ತಮ್ಮ ಕೌದಿಯನ್ನೇ ಮದುಮಕ್ಕಳಿಗೆ ಕೊಡುವುದಾಗಿ ಹೇಳಿ, ಶುಕ್ರವಾರದೊಳಗೆ ಮುಗಿಸು ಎಂದು ಅವಳಿಗೆ ತಾಕೀತು ಮಾಡಿದರು. ಆ ಮನೆಯಲ್ಲೊಂದು ರೂಢಿ ಇತ್ತು. ಕೌದಿಯ ಕೊನೆಯ ಮೂಲೆಯನ್ನು ಹೊಲಿಯದೆ ಬಿಟ್ಟು, ಮನೆಯ ಹಿರಿಯಳು ಅದರೊಳಗೆ ಒಂದು ಚಿಟಿಕೆ ಜೋಳ ಹಾಕಿದ ಮೇಲೆ ಮುಚ್ಚಬೇಕು, ಹೊದ್ದವರಿಗೆ ಹಸಿವು ತಿಳಿಯಬಾರದೆಂದು. ಆ ಮೂಲೆ ಒಂದು ಉಳಿದಿತ್ತು. ಹೆಂಗಸರು ಒಳಗೆ ಹೋದಾಗ ನಾನು ನೀರಿಗೆಂದು ಬಂದೆ. ಅವಳು ದಾರ ಹಲ್ಲಿನಿಂದ ಕಡಿದು, ಎಂದಿನ ಸಣ್ಣ ದನಿಯಲ್ಲಿ ಮಾತಾಡಿದಳು.

"ಜೀವಾ ಉಳಿಸಿದ್ರಿ ದಿವಾಣಜಿ. ಎಷ್ಟ ಚಂದ ಸುಳ್ಳ ಹೇಳಿದ್ರಿ. ನಮ್ಮ ಖಾತೆದಾಗ ಹಂತಾ ಸುಳ್ಳ ಹೇಳಾವ್ರು ಒಬ್ರೂ ಇಲ್ಲ."

ಅವಳು ಸೂಜಿ ನಿಲ್ಲಿಸಿ ಕಾದಳು. ಕಾದಳು ಎಂದು ಈಗ ಅನ್ನಿಸುತ್ತದೆ, ದಾರ ಮುಗಿದಿದ್ದರಿಂದಲೂ ನಿಲ್ಲಿಸಿರಬಹುದು. ಅದು ಸುಳ್ಳಲ್ಲ ಎಂದು ಹೇಳಲು ಎರಡು ಮಾತು ಸಾಕಿತ್ತು. ನನ್ನ ಪಾಲಿನ ಮಾತೆಲ್ಲ ಹೊಳೆಯಲ್ಲೇ ಖರ್ಚಾಗಿತ್ತೋ ಏನೋ. ಅವಳ ಕಾಲು ನೋಡಿದೆ. ಹಿಮ್ಮಡಿಗಳು ಆಗ ಒಡೆಯಲು ಶುರುವಾಗಿದ್ದವು.

"ಹೌದ್ರಿ," ಎಂದೆ. ನೀರು ಕುಡಿದು ಒಳಗೆ ಹೋದೆ.

ಬುಧವಾರ ಬೆಳಿಗ್ಗೆ ಅವಳು ಇರಲಿಲ್ಲ. ಕೌದಿ ಮಡಚಿಟ್ಟಿತ್ತು, ಕೊನೆಯ ಮೂಲೆ ಹೊಲಿದಿರಲಿಲ್ಲ. ನಿಕಾದ ಮಾತಿಗೆ ಹೆದರಿ ಓಡಿಹೋದಳು ಎಂದು ಅಂಗಳ ತೀರ್ಮಾನಿಸಿತು. ಶುಕ್ರವಾರಕ್ಕೆ ತರಿಸಿದ್ದ ಅಕ್ಕಿಯನ್ನು ಸಾಹುಕಾರರು ನನ್ನ ತಾಯಿಗೆ ಕಳಿಸಿಕೊಟ್ಟರು. ಅಂಗಡಿಗೆ ಬಂದವರೆಲ್ಲ ನನ್ನ ಮುಖ ನೋಡಿ ಹೋಗುತ್ತಿದ್ದರು. ನಾನು ಅವರ ಕಾಲು ನೋಡುತ್ತಿದ್ದೆ.

ಮುಂದಿನ ಸೋಮವಾರ ಮತ್ತೆ ಕೋಣಗಳನ್ನು ಹೂಡಿದರು. ಒಮ್ಮೆ ದಕ್ಕಿದ ಉಪಾಯವನ್ನು ಬಿಡುವವರು ಯಾರು? ಹೊಳೆಯಲ್ಲಿ ಅವತ್ತು ಬಟ್ಟೆ ಒಗೆಯುವವರು, ಮೀನು ಹಿಡಿಯುವವರು ಎಂದೂ ಇಲ್ಲದಷ್ಟು ಮಂದಿ ಇದ್ದರು. ಅವರ ಕಾಲು ನೋಡಿದ ಕೂಡಲೇ ನನಗೆ ತಿಳಿಯಿತು, ಬಾಯಿ ಬಿಡಲಿಲ್ಲ. ಸಾಹುಕಾರರು ಛತ್ರಿಯ ಕೆಳಗೆ, ಮೊದಲ ಗಾಡಿಯಲ್ಲೇ ಸಿಕ್ಕರು. ಓಡಲು ಹೋದ ಭೀಮಶಿಯೂ ಉಸುಕಿನಲ್ಲಿ ಸಿಕ್ಕಿಬಿದ್ದ. ಕೋಣಗಳು ನೀರಿನಲ್ಲಿ ಮಲಗಿದ್ದರಿಂದ ಗಾಡಿ ತಿರುಗಿಸುವ ಮಾತೇ ಇರಲಿಲ್ಲ. ಇಂಡಿ ಸ್ಟೇಶನ್ನಿನ ಬೂಟಿನ ಮನುಷ್ಯ ಎಲ್ಲರ ಜೊತೆ ನನಗೂ ಎರಡು ಬಾರಿಸಿದ. ಎರಡನೆಯದು ಹಗುರವಾಗಿತ್ತು, ಅದರಿಂದ ಅವನಿಗೆ ನನ್ನ ವಿಷಯ ಗೊತ್ತಿದೆ ಎಂದು ತಿಳಿದುಕೊಂಡೆ.

ಹಿಡಿದ ಜೋಳ ರೇಷನ್ ಅಂಗಡಿಗಳಿಗೆ ಹೋಯಿತು. ತಾಂಬಾದಲ್ಲಿ ನನ್ನ ತಾಯಿಗೂ ಸಿಕ್ಕಿತು. ಬಹಳ ದಿನದ ಮೇಲೆ ಬಿಳಿಜೋಳದ ರೊಟ್ಟಿ ತಟ್ಟಿ, ಹಗೇವಿನ ವಾಸನೆ ಹೊಡೆಯುತ್ತದೆ ಎಂದು ದೂರಿದಳು. ಸಾಹುಕಾರರು ದಂಡ ಕಟ್ಟಿ ಮಳೆಗಾಲದ ಹೊತ್ತಿಗೆ ಗಾದಿಯ ಮೇಲೆ ವಾಪಸು ಕೂತರು. ಯಾರ ಯಾರ ಮೇಲೋ ಸಂಶಯಪಟ್ಟರು. ನನ್ನ ಮೇಲೆ ಕೊನೆಯವರೆಗೂ ಅವರಿಗೆ ಕನಿಕರವೇ ಇತ್ತು. ಹೆಂಗಸು ಕೈಕೊಟ್ಟು ಹೋದವನು ಎಂದು ಪಗಾರವನ್ನೂ ಸ್ವಲ್ಪ ಹೆಚ್ಚಿಸಿದರು. ಬೇಡವೆನ್ನುವ ಧೈರ್ಯ ನನಗೆ ಇರಲಿಲ್ಲ.

ಖಾಸೀಂಬಿಯ ಸುದ್ದಿ ಮತ್ತೆ ಬರಲಿಲ್ಲ. ಆಯಿ ಆ ಕೌದಿಯನ್ನು ನನಗೇ ಕೊಟ್ಟರು. ಹಸಿರು, ನೀಲಿ, ಬಿಳಿ ತುಂಡುಗಳ ನಡುವೆ ಅಲ್ಲಲ್ಲಿ ಬಸ್ತಾದ ಕೆಂಪು ಇದೆ. ಬೇರೆಯವರಿಗೆ ಅದು ಬರೀ ಚಂದಕ್ಕೆ ಹಾಕಿದ ಕೆಂಪು. ನಾಲ್ಕು ವರ್ಷದ ಮೇಲೆ ಮಸೂತಿ ಎಂಬ ಊರಿನ ಹುಡುಗಿಯೊಂದಿಗೆ ನನ್ನ ಮದುವೆಯಾಯಿತು. ಅವಳು ಅದಕ್ಕೆ ಓಡಿಹೋದಾಕಿ ಕೌದಿ ಎಂದು ಹೆಸರಿಟ್ಟು, ಪ್ರತಿ ಬೇಸಿಗೆಯಲ್ಲೂ ತಪ್ಪದೆ ಬಿಸಿಲಿಗೆ ಹಾಕುತ್ತಾಳೆ. ಮೂಲೆಯನ್ನು ಹೊಲಿಯಲೇ ಎಂದು ಮೊದಮೊದಲು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು.

ಹಗೇವಿನ ವಾಸನೆ ಹೊತ್ತು ಬಂದ ದಿನ, ಬೈದು ಮುಗಿಸಿ ಚಹಾ ಕೊಟ್ಟ ಮೇಲೆ, ಅಂಗಡಿ ಕೆಡವಿದ ಸಂಗತಿ ಹೇಳಿದೆ. ಅವಳು ಇಷ್ಟು ವರ್ಷ ಕೇಳದ್ದನ್ನು ಕೇಳಿದಳು.

"ಅವತ್ತ ಹೊಳ್ಯಾಗ ಎಲ್ಲಾರ ಮುಂದ ಹೇಳಿದ್ದು ಖರೇನ ಇತ್ತಲ್ರಿ?"

ಖರೇ ಇತ್ತು ಎಂದೆ. ಅದು ತನಗೆ ಮೊದಲೇ ಗೊತ್ತಿತ್ತು ಎನ್ನುವಂತೆ ತಲೆಯಾಡಿಸಿ, ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ಆ ಸುಗ್ಗಿಯಲ್ಲಿ ನಾನು ಸುಳ್ಳು ಬಹಳ ಹೇಳಿದ್ದೇನೆ, ಸಾಹುಕಾರರಿಗೆ, ಆಯಿಗೆ, ನನ್ನ ತಾಯಿಗೆ. ಹೊಳೆಯಲ್ಲಿ ಆಡಿದ ಮಾತು ಮಾತ್ರ ಅವುಗಳಲ್ಲಿ ಸೇರುವುದಿಲ್ಲ. ಸಾಹುಕಾರರು ಅದನ್ನು ನಂಬಿದರು, ಭೀಮಶಿ ನಂಬಿದ, ಇಡೀ ಸಿಂದಗಿ ನಂಬಿತು, ಮಸೂತಿಯಿಂದ ಬಂದ ಹೆಂಡತಿ ಇಂದಿಗೂ ನಂಬುತ್ತಾಳೆ. ನಂಬದೆ ಹೋದವಳು ಕೌದಿಯವಳೊಬ್ಬಳೇ, ಅವಳಿಗೆ ನಾನು ಹೌದ್ರಿ ಎಂದಿದ್ದೆ.